ಮಾಟುಂಗಾದ ಒಂದು ರಸ್ತೆ, ಒಂದು ಸೆಮಿಸ್ಟರ್: ಊರಿನ ಇತಿಹಾಸವನ್ನು ನಕಾಶೆಗೆ ಏರಿಸುವ ಬಗೆ

ದಾದರ್ ಟಿ.ಟಿ. ಅಂತ ದಿನಕ್ಕೆ ಎಷ್ಟು ಸಲ ಹೇಳುತ್ತೇವೋ ಲೆಕ್ಕವಿಲ್ಲ. ಟಿ.ಟಿ. ಅಂದರೆ ಟ್ರಾಮ್ ಟರ್ಮಿನಸ್. ಮುಂಬಯಿಯ ಕೊನೆಯ ಟ್ರಾಮ್ ಓಡಿದ್ದು 1964ರ ಮಾರ್ಚ್ 31ಕ್ಕೆ. ಹಳಿ ಡಾಂಬರಿನ ಕೆಳಗೆ ಹೋಯಿತು, ಹೆಸರು ಮಾತ್ರ ಟ್ಯಾಕ್ಸಿಯವರ ಬಾಯಲ್ಲಿ ಇನ್ನೂ ಓಡುತ್ತಿದೆ. ಇಂಥದ್ದನ್ನು ಹುಡುಕಿ, ಸರಿಯಾಗಿ ಬರೆದಿಟ್ಟು, ಯಾರು ಬೇಕಾದರೂ ನೋಡುವ ಹಾಗೆ ನೆಟ್‌ನಲ್ಲಿ ಇಡುವ ಕೆಲಸಕ್ಕೆ ಈಗ ಡಿಜಿಟಲ್ ಪಬ್ಲಿಕ್ ಹ್ಯುಮಾನಿಟೀಸ್ ಅಂತ ಭಾರೀ ಹೆಸರಿದೆ. ಹೆಸರು ಕೇಳಿ ಹೆದರಬೇಡಿ. ಒಂದು ಫೋನ್, ಒಂದು ಸ್ಪ್ರೆಡ್‌ಶೀಟ್, ನಾಲ್ಕೈದು ಜನ ಸ್ನೇಹಿತರು, ಮತ್ತೆ ಹಿರಿಯರ ಮನೆಯಲ್ಲಿ ಎರಡು ಗಂಟೆ ಸುಮ್ನೆ ಕೂತು ಕೇಳುವ ತಾಳ್ಮೆ ಇದ್ದರೆ ಸಾಕು.

ನೀವು ಮುಂಬಯಿ ವಿಶ್ವವಿದ್ಯಾಲಯದ ಕಲೀನಾ ಕ್ಯಾಂಪಸ್ಸಿನಲ್ಲಿ ಕನ್ನಡ ಎಂ.ಎ. ಓದುತ್ತಿರಬಹುದು, ರುಯಿಯಾ ಕಾಲೇಜಿನಲ್ಲಿ ಇತಿಹಾಸ ಓದುತ್ತಿರಬಹುದು, ಎಲ್ಲೋ ಕಂಪ್ಯೂಟರ್ ಓದುತ್ತಾ ಅಜ್ಜನ ಹೋಟೆಲಿನ ಕಥೆ ಕೇಳಿ ಬೆಳೆದವರಿರಬಹುದು. ಮೂರು ತರದವರೂ ಒಂದೇ ತಂಡದಲ್ಲಿದ್ದರೆ ಇನ್ನೂ ಒಳ್ಳೆಯದು. ನಾನು ಕೆಲವು ತಂಡಗಳ ಜೊತೆ ಓಡಾಡಿ ಕಲಿತದ್ದನ್ನು ಇಲ್ಲಿ ಹೇಳುತ್ತೇನೆ. ಕಲಿತದ್ದರಲ್ಲಿ ಮುಕ್ಕಾಲು ಪಾಲು ತಪ್ಪು ಮಾಡಿ ಕಲಿತದ್ದು.

ಮೊದಲು ಪ್ರಶ್ನೆಯನ್ನು ಚಿಕ್ಕದು ಮಾಡಿ

"ಮುಂಬಯಿ ಕನ್ನಡಿಗರ ಇತಿಹಾಸ" ಅಂತ ಮೊದಲ ದಿನ ಬೋರ್ಡಿನ ಮೇಲೆ ಬರೆದ ತಂಡ ಕೆಲಸ ಮುಗಿಸಿದ್ದನ್ನು ನಾನಂತೂ ನೋಡಿಲ್ಲ. ಅದು ಹತ್ತು ಜನ ಹತ್ತು ವರ್ಷ ಮಾಡುವ ಕೆಲಸ. ನಿಮ್ಮ ಕೈಯಲ್ಲಿರುವುದು ಒಂದು ಸೆಮಿಸ್ಟರ್, ಅದರಲ್ಲೂ ಪರೀಕ್ಷೆ, ಗಣಪತಿ ಹಬ್ಬ, ಮಳೆಗೆ ನಿಂತ ಲೋಕಲ್ ಎಲ್ಲ ಕಳೆದರೆ ಹತ್ತು ವಾರ ಉಳಿದೀತು. ಹಾಗಾಗಿ ಪ್ರಶ್ನೆಯಲ್ಲಿ ಒಂದು ಜಾಗ, ಒಂದು ಕಾಲ, ಒಂದು ವಸ್ತು ಇರಲೇಬೇಕು. "ಮಾಟುಂಗಾ ಪೂರ್ವದಲ್ಲಿ 1940ರಿಂದ 1970ರವರೆಗೆ ನಮ್ಮವರ ಹೋಟೆಲುಗಳು ಎಲ್ಲೆಲ್ಲಿದ್ದವು, ಈಗ ಅಲ್ಲಿ ಏನಿದೆ?" ಇದು ಕೈಗೆ ಸಿಗುವ ಪ್ರಶ್ನೆ. ಉತ್ತರ ಬಂದಿದೆಯೋ ಇಲ್ಲವೋ ಅಂತ ನಿಮಗೇ ಗೊತ್ತಾಗುತ್ತದೆ.

ಮಾಟುಂಗಾವನ್ನೇ ಯಾಕೆ ಹೇಳುತ್ತೇನೆ ಅಂದರೆ ಅಲ್ಲಿ ಸಿಗುವುದು ಜಾಸ್ತಿ. 1896ರಲ್ಲಿ ಪ್ಲೇಗ್ ಬಂತು. ಇಕ್ಕಟ್ಟಿನ ಓಣಿಗಳಲ್ಲಿ ಜನ ಸತ್ತರು, ಊರು ಬಿಟ್ಟು ಓಡಿದರು. 1898ರಲ್ಲಿ ಸರ್ಕಾರ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಮಾಡಿತು, ಆ ಟ್ರಸ್ಟ್ ಉತ್ತರಕ್ಕೆ ದಾದರ್-ಮಾಟುಂಗಾ ಕಡೆ ಅಗಲ ರಸ್ತೆ, ಗಾಳಿ ಬೆಳಕು ಇರುವ ಬಡಾವಣೆ ಹಾಕಿತು. ದಕ್ಷಿಣದಿಂದ ಬಂದ ಗುಮಾಸ್ತರು, ಟೈಪಿಸ್ಟರು, ಮೇಷ್ಟ್ರುಗಳು ಅಲ್ಲಿ ಬಾಡಿಗೆಗೆ ಸೇರಿದರು. ಅವರಿಗೆ ಊಟ ಬೇಕಿತ್ತು, ಕರಾವಳಿಯವರು ಊಟ ಹಾಕಿದರು. ಮೈಸೂರು ಅಸೋಸಿಯೇಷನ್ ಶುರುವಾದದ್ದು 1926ರಲ್ಲಿ. ರಾಮ ನಾಯಕರ ಉಡಿಪಿ ಶ್ರೀಕೃಷ್ಣ ಬೋರ್ಡಿಂಗ್ 1942ರದ್ದು, ಇವತ್ತಿಗೂ ಸ್ಟೇಷನ್ ಪಕ್ಕದಲ್ಲೇ ಇದೆ, ಬಾಳೆಲೆ ಊಟ ಹಾಕುತ್ತದೆ. ಪ್ಲೇಗಿನಿಂದ ಬಾಳೆಲೆಯವರೆಗೆ ಒಂದು ದಾರ ಕಾಣುತ್ತದೆ ಅಲ್ವಾ? ಆ ದಾರ ನಿಮ್ಮ ಪ್ರಾಜೆಕ್ಟಿನ ಬೆನ್ನೆಲುಬು.

ಮಾಟುಂಗಾ ಬೇಡ ಅಂದರೆ ಫೋರ್ಟಿನ ಕನ್ನಡ ರಾತ್ರಿ ಶಾಲೆಗಳಿವೆ. ಹಗಲು ಕ್ಯಾಂಟೀನಿನಲ್ಲಿ ಕಪ್-ಬಶಿ ತೊಳೆದ ಹುಡುಗರು ರಾತ್ರಿ ಬೆಂಚಿನ ಮೇಲೆ ಕೂತು ಮೆಟ್ರಿಕ್ ಮಾಡಿದ ಶಾಲೆಗಳು. ಅಥವಾ ಬಿ.ಡಿ.ಡಿ. (ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್) ಚಾಳುಗಳು. 1920ರ ದಶಕದಲ್ಲಿ ಕಟ್ಟಿದ 207 ಕಟ್ಟಡಗಳು, ವರ್ಲಿ, ನಾಯಗಾಂವ್, ಎನ್.ಎಂ. ಜೋಶಿ ಮಾರ್ಗ, ಶಿವ್ಡಿಯಲ್ಲಿ. ಅವನ್ನು ಕೆಡವಿ ಟವರ್ ಕಟ್ಟುತ್ತಿದ್ದಾರೆ. ಅಲ್ಲಿ ಪ್ರಾಜೆಕ್ಟ್ ಮಾಡುವುದಿದ್ದರೆ ಮುಂದಿನ ವರ್ಷಕ್ಕೆ ಇಡಬೇಡಿ.

ತಂಡದ ವಿಷಯ ಬೇಗ ಮುಗಿಸುತ್ತೇನೆ. ನಾಲ್ಕರಿಂದ ಆರು ಜನ ಸಾಕು. ಒಬ್ಬರಿಗೆ ತುಳು ಅಥವಾ ಕೊಂಕಣಿ ಬರಬೇಕು, ಒಬ್ಬರಿಗೆ ಮರಾಠಿ ಓದಲು ಬರಬೇಕು, ಒಬ್ಬರು ಲೆಕ್ಕ ಬರೆಯುವ ಶಿಸ್ತಿನವರಾಗಿರಬೇಕು. ಕೋಡಿಂಗ್ ಬರುವವರು ಇದ್ದರೆ ಇರಲಿ, ಇಲ್ಲದಿದ್ದರೂ ನಡೆಯುತ್ತದೆ.

ಕಾಲಲ್ಲಿ ನಡೆಯಿರಿ, ಕತ್ತು ಮೇಲೆತ್ತಿ

ಆರಿಸಿದ ರಸ್ತೆಯಲ್ಲಿ ಮೂರು ಸಲ ನಡೆಯಿರಿ. ಒಂದು ಬೆಳಿಗ್ಗೆ ಏಳಕ್ಕೆ, ಒಂದು ಮಧ್ಯಾಹ್ನ, ಒಂದು ರಾತ್ರಿ ಅಂಗಡಿ ಮುಚ್ಚುವ ಹೊತ್ತಿಗೆ. ಬೆಳಿಗ್ಗೆ ಅಂಗಡಿಗಳ ಶಟರ್ ಮುಚ್ಚಿರುತ್ತದಲ್ಲ, ಆಗ ಕಟ್ಟಡದ ಮೈ ಕಾಣುತ್ತದೆ. ನೆಲಮಹಡಿಯ ಬೋರ್ಡುಗಳು ಐದು ವರ್ಷಕ್ಕೊಮ್ಮೆ ಬದಲಾಗುತ್ತವೆ, ಮೇಲೆ ಗಾರೆಯಲ್ಲಿ ಬರೆದ ಕಟ್ಟಡದ ಹೆಸರು, ಇಸವಿ ಹಾಗೇ ಇರುತ್ತವೆ. ಅವನ್ನು ಓದಿ. ದೇವಸ್ಥಾನದ ಮೆಟ್ಟಿಲಿನ ಮೇಲೆ, ಸಂಘದ ಗೋಡೆಯಲ್ಲಿ, ನೀರಿನ ತೊಟ್ಟಿಯ ಪಕ್ಕ ಹಾಕಿರುವ ದಾನಿಗಳ ಕಲ್ಲುಗಳನ್ನು ಓದಿ. ಯಾರು, ಯಾವ ಊರಿನವರು, ಎಷ್ಟು ಕೊಟ್ಟರು, ಯಾವಾಗ ಕೊಟ್ಟರು ಎಲ್ಲ ಇರುತ್ತದೆ.

ಫೋನಿನ ಕ್ಯಾಮೆರಾದಲ್ಲಿ ಲೊಕೇಷನ್ ಆನ್ ಮಾಡಿಕೊಳ್ಳಿ. ಪ್ರತಿ ಫೋಟೊಗೂ ಅಕ್ಷಾಂಶ-ರೇಖಾಂಶ ತಾನಾಗಿ ಅಂಟಿಕೊಳ್ಳುತ್ತದೆ, ಆಮೇಲೆ ನಕಾಶೆ ಮಾಡುವಾಗ ಅರ್ಧ ಕೆಲಸ ಉಳಿಯುತ್ತದೆ. ಒಂದು ಕಟ್ಟಡಕ್ಕೆ ಮೂರು ಚಿತ್ರ: ಎದುರು ಫುಟ್‌ಪಾತಿನಿಂದ ಇಡೀ ಕಟ್ಟಡ, ಹತ್ತಿರದಿಂದ ಹೆಸರು ಅಥವಾ ಇಸವಿ, ಮತ್ತೆ ಅಕ್ಕಪಕ್ಕ ಏನಿದೆ ಅಂತ ಗೊತ್ತಾಗುವ ಒಂದು. ಜನರ ಮುಖ, ಮನೆಯೊಳಗಿನ ಕಿಟಕಿ ಬೇಡ. ವಾಚ್‌ಮನ್ ಕೇಳಿದರೆ ಕಾಲೇಜಿನ ಐಡಿ ತೋರಿಸಿ, ಅವರ ಹತ್ತಿರವೂ ಎರಡು ಮಾತಾಡಿ. ಮೂವತ್ತು ವರ್ಷ ಅದೇ ಗೇಟಿನಲ್ಲಿ ಕೂತವರಿಗೆ ಗೊತ್ತಿರುವಷ್ಟು ಸೊಸೈಟಿ ಸೆಕ್ರೆಟರಿಗೆ ಗೊತ್ತಿರುವುದಿಲ್ಲ.

ಸ್ಮರಣ ಸಂಚಿಕೆಯ ಜಾಹೀರಾತು ಪುಟಗಳು

ಈಗ ಎಲ್ಲಕ್ಕಿಂತ ರುಚಿಯಾದ ಭಾಗ. ಮುಂಬಯಿಯಲ್ಲಿ ನಮ್ಮ ಸಂಘಗಳು ಎಷ್ಟಿವೆ ಅಂತ ನಿಮಗೇ ಗೊತ್ತು. ಮೈಸೂರು ಅಸೋಸಿಯೇಷನ್, ಕರ್ನಾಟಕ ಸಂಘ, ಬಂಟರ ಸಂಘ, ಬಿಲ್ಲವರ ಅಸೋಸಿಯೇಷನ್, ಮೊಗವೀರ ವ್ಯವಸ್ಥಾಪಕ ಮಂಡಳಿ, ಇನ್ನೂ ಗಲ್ಲಿಗೊಂದು. ಪ್ರತಿಯೊಂದೂ ಬೆಳ್ಳಿಹಬ್ಬ, ಚಿನ್ನದ ಹಬ್ಬ, ನಾಟಕ, ಯಕ್ಷಗಾನ ಅಂತ ಸ್ಮರಣ ಸಂಚಿಕೆ ತಂದಿದೆ. ಎಲ್ಲರೂ ಅದರ ಮುಂದಿನ ಲೇಖನಗಳನ್ನು ಓದುತ್ತಾರೆ. ನೀವು ಹಿಂದಿನಿಂದ ಶುರು ಮಾಡಿ. ಅಲ್ಲಿ ಜಾಹೀರಾತುಗಳಿವೆ: ಹೋಟೆಲ್, ಬೋರ್ಡಿಂಗ್, ಟೈಲರ್, ಪ್ರಿಂಟಿಂಗ್ ಪ್ರೆಸ್, ಊರಿಗೆ ಹೋಗುವ ಬಸ್ಸಿನ ಬುಕಿಂಗ್ ಆಫೀಸು. ಹೆಸರು, ವಿಳಾಸ, ಫೋನ್ ನಂಬರ್ ಸಮೇತ. ಮುಂಬಯಿಯ ಕನ್ನಡ ವ್ಯಾಪಾರದ ಡೈರೆಕ್ಟರಿ ಅದು, ಯಾರೂ ಡೈರೆಕ್ಟರಿ ಮಾಡಬೇಕೆಂದು ಮಾಡಿದ್ದಲ್ಲ ಅಷ್ಟೇ.

ಒಂದು ತೊಂದರೆ. ಎಷ್ಟೋ ಸಂಚಿಕೆಗಳ ರಟ್ಟು ಹರಿದಿರುತ್ತದೆ, ಇಸವಿ ಇರುವ ಪುಟವೇ ಇರುವುದಿಲ್ಲ. ಆಗ ಜಾಹೀರಾತೇ ಕಾಲ ಹೇಳುತ್ತದೆ. ವಿಳಾಸ ನೋಡಿ. "ಬಾಂಬೆ 19" ಅಂತ ಇದ್ದರೆ ಹಳೆಯ ಅಂಚೆ ವಲಯದ ಸಂಖ್ಯೆ. "400 019" ಅಂತ ಇದ್ದರೆ ಪಿನ್ ಕೋಡ್ ಬಂದ ಮೇಲಿನದು, ಅಂದರೆ 1972ರ ಆಗಸ್ಟ್ 15ರ ನಂತರದ್ದು. ಬೆಲೆ ಇದೆಯೇ ನೋಡಿ. ಆಣೆಯಲ್ಲಿದ್ದರೆ 1957ಕ್ಕೆ ಮುಂಚಿನದಿರಬೇಕು, ಯಾಕೆಂದರೆ ಆ ವರ್ಷದ ಏಪ್ರಿಲ್ 1ಕ್ಕೆ ದಶಮಾಂಶ ನಾಣ್ಯ ಬಂತು. "ನಯಾ ಪೈಸೆ" ಅಂತ ಇದ್ದರೆ 1957ರಿಂದ 1964ರ ನಡುವಿನದು, 1964ರಲ್ಲಿ "ನಯಾ" ಬಿಟ್ಟುಹೋಯಿತು. "ಟ್ರಾಮ್ ನಿಲ್ದಾಣದ ಎದುರು" ಅಂತ ಗುರುತು ಹೇಳಿದ್ದರೆ ಅದೂ 1964ರ ಒಳಗಿನದು. ಬಾಂಬೆ ಬದಲು ಮುಂಬೈ ಅಂತ ಇಂಗ್ಲಿಷಿನಲ್ಲಿ ಇದ್ದರೆ 1995ರ ಆಚೆಗೆ.

ಆದರೆ ಒಂದೇ ಸುಳಿವಿನ ಮೇಲೆ ಇಸವಿ ಬರೆದುಬಿಡಬೇಡಿ. ಹೋಟೆಲಿನವರು ಜಾಹೀರಾತಿನ ಹಳೆಯ ಅಚ್ಚಿನ ಬ್ಲಾಕನ್ನೇ ವರ್ಷಾನುಗಟ್ಟಲೆ ಪ್ರೆಸ್ಸಿಗೆ ಕಳಿಸುತ್ತಿದ್ದರು, ಪಿನ್ ಕೋಡ್ ಬಂದು ಎಷ್ಟೋ ವರ್ಷವಾದ ಮೇಲೂ "ಬಾಂಬೆ 19" ಅಂತಲೇ ಬರುತ್ತಿತ್ತು. ಬ್ಲಾಕ್ ಮಾಡಿಸಲು ದುಡ್ಡು ಬೇಕಲ್ಲ. ಎರಡು ಸುಳಿವು ಒಂದನ್ನೊಂದು ಒಪ್ಪಿದರೆ ಮಾತ್ರ ಬರೆಯಿರಿ, ಅದೂ "1957-64ರ ನಡುವೆ" ಅಂತ.

ಸಂಚಿಕೆ ಎಲ್ಲಿ ಸಿಗುತ್ತದೆ? ಸಂಘದ ಕಪಾಟಿನಲ್ಲಿ, ಮಾಜಿ ಕಾರ್ಯದರ್ಶಿಗಳ ಮನೆಯ ಮಂಚದ ಕೆಳಗೆ, ಕೆಲವೊಮ್ಮೆ ರದ್ದಿ ಅಂಗಡಿಯಲ್ಲಿ. ಸಂಘಕ್ಕೆ ಹೋಗುವಾಗ ವಿಭಾಗದ ಮುಖ್ಯಸ್ಥರ ಸಹಿ ಇರುವ ಪತ್ರ ಹಿಡಿದುಕೊಂಡು ಹೋಗಿ. "ಮನೆಗೆ ಕೊಡಿ, ಸ್ಕ್ಯಾನ್ ಮಾಡಿ ತರುತ್ತೇವೆ" ಅಂತ ಕೇಳಲೇಬೇಡಿ. ಹಾಗೆ ಹೋಗಿ ಬಾರದ ಪುಸ್ತಕಗಳ ನೋವು ಪ್ರತಿ ಸಂಘಕ್ಕೂ ಇದೆ. ಅಲ್ಲೇ ಕಿಟಕಿ ಪಕ್ಕ ಟೇಬಲ್ ಹಾಕಿಕೊಂಡು ಫೋಟೊ ತೆಗೆಯಿರಿ.

ದೊಡ್ಡ ಲೈಬ್ರರಿ, ದೊಡ್ಡ ಕಡತ

ಸಣ್ಣ ರಸ್ತೆಯ ಕಥೆಗೂ ಹಿನ್ನೆಲೆ ಬೇಕು. 1909ರ ಬಾಂಬೆ ಸಿಟಿ ಗೆಜೆಟಿಯರ್ ಮೂರು ಸಂಪುಟಗಳಲ್ಲಿದೆ, ಇಂಟರ್ನೆಟ್ ಆರ್ಕೈವ್ ಅನ್ನುವ ನೆಟ್ ಲೈಬ್ರರಿಯಲ್ಲಿ ಪುಕ್ಕಟೆ ಸಿಗುತ್ತದೆ. ಟೌನ್ ಹಾಲಿನ ಏಷ್ಯಾಟಿಕ್ ಸೊಸೈಟಿ ತನ್ನ ಹಳೆಯ ಪುಸ್ತಕ, ಪತ್ರಿಕೆಗಳನ್ನು ಗ್ರಂಥ ಸಂಜೀವನಿ ಅನ್ನುವ ತಾಣದಲ್ಲಿ ಹಾಕಿದೆ. ನಿಮ್ಮ ಕಾಲೇಜು ಅಥವಾ ವಿಶ್ವವಿದ್ಯಾಲಯದ ಲೈಬ್ರರಿಗೆ ಹಳೆಯ ಇಂಗ್ಲಿಷ್ ಪತ್ರಿಕೆಗಳ ಡೇಟಾಬೇಸ್ ಚಂದಾ ಇದೆಯೇ ಅಂತ ಲೈಬ್ರೇರಿಯನ್‌ರನ್ನೇ ಕೇಳಿ. ಕೇಳದೆ ಗೊತ್ತಾಗುವುದಿಲ್ಲ.

ಇನ್ನೊಂದು ಜಾಗವನ್ನು ನಮ್ಮ ಹುಡುಗರು ಮರೆಯುತ್ತಾರೆ. ಕಾಲಾ ಘೋಡಾದ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲೇ ಮಹಾರಾಷ್ಟ್ರ ರಾಜ್ಯ ಪತ್ರಾಗಾರ ಇದೆ. 1956ರ ನವೆಂಬರ್ 1ರವರೆಗೆ ಧಾರವಾಡ, ಬೆಳಗಾವಿ, ಬಿಜಾಪುರ ಬಾಂಬೆಗೇ ಸೇರಿದ್ದವು. ಉತ್ತರ ಕನ್ನಡ 1862ರಲ್ಲಿ ಮದ್ರಾಸಿನಿಂದ ಬಾಂಬೆಗೆ ಬಂತು, ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು. ಅಂದರೆ ಕಾರವಾರದವರಿಗೂ ಧಾರವಾಡದವರಿಗೂ ಬಾಂಬೆ ಅಂದರೆ ತಮ್ಮದೇ ರಾಜಧಾನಿ, ಉಡುಪಿಯವರಿಗೆ ಮಾತ್ರ ಪರ ಪ್ರಾಂತ್ಯ. ಇದು ತಲೆಯಲ್ಲಿದ್ದರೆ "ಮುಂಬಯಿಗೆ ವಲಸೆ ಬಂದ ಕನ್ನಡಿಗರು" ಅಂತ ಎಲ್ಲರನ್ನೂ ಒಂದೇ ಚೀಲಕ್ಕೆ ತುಂಬುವ ತಪ್ಪು ಆಗುವುದಿಲ್ಲ. ಪತ್ರಾಗಾರಕ್ಕೆ ಕಾಲೇಜಿನ ಪರಿಚಯ ಪತ್ರ ಒಯ್ಯಿರಿ, ಪೆನ್ಸಿಲ್ ಒಯ್ಯಿರಿ, ಅರ್ಧ ದಿನಕ್ಕೆ ಮುಗಿಯುತ್ತದೆ ಅನ್ನುವ ಭ್ರಮೆ ಬಿಟ್ಟು ಹೋಗಿ.

ಹಿರಿಯರ ಜೊತೆ ಮಾತಿಗೆ ಕೂರುವುದು

ನನ್ನದೇ ಒಂದು ಕಥೆ ಹೇಳಿಬಿಡುತ್ತೇನೆ. ಹೋಟೆಲಿನಲ್ಲಿ ಕ್ಲೀನರ್ ಆಗಿ ಶುರು ಮಾಡಿ ಗಲ್ಲಾದಲ್ಲಿ ಕೂತು ನಿವೃತ್ತರಾದ ಹಿರಿಯರೊಬ್ಬರ ಜೊತೆ ಮುಕ್ಕಾಲು ಗಂಟೆ ಮಾತಾಡಿದೆ. ಎಂಥ ಮಾತು ಅಂತೀರಿ! ಮನೆಗೆ ಬಂದು ಕೇಳಿದರೆ ಹನ್ನೊಂದನೇ ನಿಮಿಷಕ್ಕೆ ಮುಗಿದಿದೆ. ನಡುವೆ ಯಾವುದೋ ಲೋನ್ ಬೇಕಾ ಅನ್ನುವ ಫೋನ್ ಬಂದು ರೆಕಾರ್ಡಿಂಗ್ ನಿಂತುಹೋಗಿತ್ತು. ಉಳಿದ ಹನ್ನೊಂದು ನಿಮಿಷದಲ್ಲೂ ತಲೆ ಮೇಲಿನ ಫ್ಯಾನ್ ನನ್ನ ಹಿರಿಯರಿಗಿಂತ ಜಾಸ್ತಿ ಮಾತಾಡಿತ್ತು. ಮತ್ತೆ ಫೋನ್ ಮಾಡುವಷ್ಟರಲ್ಲಿ ಅವರು ಮಗನ ಜೊತೆ ಊರಿಗೆ ಹೋಗಿಬಿಟ್ಟಿದ್ದರು.

ಹಾಗಾಗಿ: ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ಎರಡು ಫೋನಿನಲ್ಲಿ ಒಟ್ಟಿಗೆ ರೆಕಾರ್ಡ್ ಮಾಡಿ. ಕಾಲರಿಗೆ ಸಿಕ್ಕಿಸುವ ಚಿಕ್ಕ ಮೈಕ್ ತೆಗೆದುಕೊಳ್ಳಿ. ಫ್ಯಾನ್ ಆರಿಸಲು ಸಂಕೋಚವಾದರೆ ಕಡಿಮೆ ಮಾಡಲು ಕೇಳಿ, ಕುಕ್ಕರ್ ಕೂಗುವ ಹೊತ್ತಿಗೆ ಹೋಗಬೇಡಿ. ಫೈಲು ಡಬ್ಲ್ಯೂಎವಿ ರೂಪದಲ್ಲಿರಲಿ, 48 ಕಿಲೋಹರ್ಟ್ಸ್, 16 ಬಿಟ್, ಮೋನೋ. ಒಂದು ಗಂಟೆಗೆ ಸುಮಾರು 350 ಎಂಬಿ ಬೇಕಾಗುತ್ತದೆ, ಹೋಗುವ ಮೊದಲು ಫೋನಿನಲ್ಲಿ ಜಾಗ ಇದೆಯೇ ನೋಡಿ. ಮೊದಲ ನಿಮಿಷ ರೆಕಾರ್ಡ್ ಮಾಡಿ, ನಿಲ್ಲಿಸಿ, ಕೇಳಿ, ಆಮೇಲೆ ಮುಂದುವರಿಸಿ.

ಹೋಗುವ ದಾರಿ ಪರಿಚಯದವರ ಮೂಲಕ ಇರಲಿ. ನೇರವಾಗಿ ಬಾಗಿಲು ತಟ್ಟಿದರೆ ಇನ್ಶೂರೆನ್ಸ್‌ನವರು ಅಂದುಕೊಳ್ಳುತ್ತಾರೆ. "ಇಂಥವರ ಮಗಳು, ಊರಿನಲ್ಲಿ ನಮ್ಮದು ಕಾರ್ಕಳದ ಹತ್ತಿರ" ಅಂದರೆ ಅರ್ಧ ಬಾಗಿಲು ತೆರೆದ ಹಾಗೆ. ಮೊದಲಿಗೆ ಎಲ್ಲರೂ ಹೇಳುವುದು ಒಂದೇ: "ನನ್ನ ಕಥೆಯಲ್ಲಿ ಎಂಥ ಉಂಟು ಮಾರಾಯ?" ಅದಕ್ಕೆ ಭಾಷಣದ ಉತ್ತರ ಬೇಡ. ಸ್ಮರಣ ಸಂಚಿಕೆಯ ಆ ಜಾಹೀರಾತಿನ ಫೋಟೊ ತೋರಿಸಿ. "ಓ, ಇದು ನಮ್ಮ ಧಣಿಗಳ ಹೋಟೆಲ್ ಅಲ್ವಾ" ಅಂತ ಶುರುವಾದರೆ ನಿಲ್ಲಿಸುವುದು ಕಷ್ಟ.

ಪ್ರಶ್ನೆಗಳು ಕೈಗೆ ಸಿಗುವಂತಿರಲಿ. "ನಿಮ್ಮ ಜೀವನಾನುಭವ ಹೇಳಿ" ಅಂದರೆ ಸನ್ಮಾನ ಸಮಾರಂಭದ ಮಾತು ಬರುತ್ತದೆ. ಹೀಗೆ ಕೇಳಿ: ಬೊಂಬಾಯಿಗೆ ಬಂದ ದಿನ ಎಲ್ಲಿ ಇಳಿದಿರಿ? ಕರೆದುಕೊಂಡು ಹೋಗಲು ಯಾರು ಬಂದಿದ್ದರು? ಕೈಯಲ್ಲಿ ಏನಿತ್ತು? ಆ ರಾತ್ರಿ ಎಲ್ಲಿ ಮಲಗಿದಿರಿ? ಕೊನೆಯ ಪ್ರಶ್ನೆಗೆ ಎಷ್ಟು ಜನ "ಹೋಟೆಲಿನ ಟೇಬಲ್ ಜೋಡಿಸಿ ಅದರ ಮೇಲೆ" ಅಂದಿದ್ದಾರೆ ಅಂತ ನನಗೆ ಲೆಕ್ಕ ತಪ್ಪಿದೆ. ಆ ಒಂದು ಉತ್ತರದಿಂದ ಸಂಬಳ, ಖೋಲಿಯ ಬಾಡಿಗೆ, ಪಗಡಿ (ಬಾಡಿಗೆ ಹಕ್ಕಿಗೆ ಮೊದಲೇ ಕೊಡುವ ದೊಡ್ಡ ಮೊತ್ತ), ರಾತ್ರಿ ಶಾಲೆ ಎಲ್ಲ ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ. ಒಂದು ಪ್ರಶ್ನೆ ಕೇಳಿ ಸುಮ್ಮನಿರಿ. ಅವರು ಸುಮ್ಮನಾದರೂ ನೀವು ಹತ್ತು ಸೆಕೆಂಡ್ ಸುಮ್ಮನಿರಿ. ಮುಖ್ಯವಾದದ್ದು ಆಮೇಲೆ ಬರುತ್ತದೆ.

ಹೆಂಗಸರನ್ನು ಬಿಡಬೇಡಿ. ಹೋಟೆಲಿನ ಇತಿಹಾಸ ಅಂದಕೂಡಲೇ ಧಣಿ, ಮ್ಯಾನೇಜರ್, ಅಡುಗೆ ಭಟ್ಟರು ಎಲ್ಲ ಗಂಡಸರೇ ಆಗಿಬಿಡುತ್ತಾರೆ. ಚಹಾ ತಂದಿಟ್ಟು ಬಾಗಿಲ ಹತ್ತಿರ ನಿಂತು ಇಸವಿ ತಿದ್ದುತ್ತಾರಲ್ಲ, "ಅದು ಅರವತ್ತೆರಡು ಅಲ್ಲ, ದೊಡ್ಡವಳು ಹುಟ್ಟಿದ ವರ್ಷ" ಅಂತ, ಅವರನ್ನು ಮುಂದಿನ ವಾರ ಬೇರೆಯಾಗಿ ಕೂರಿಸಿ ಮಾತಾಡಿಸಿ.

ಭಾಷೆ. ತುಳುವಿನಲ್ಲಿ ಶುರು ಮಾಡಿ, ನಡುವೆ ಕನ್ನಡ, ಹೋಟೆಲಿನ ಮಾತು ಬಂದಾಗ ಮರಾಠಿ, ಪೊಲೀಸರ ಕಥೆ ಬಂದಾಗ ಬಂಬಯ್ಯಾ ಹಿಂದಿ. ಬರೆದಿಳಿಸುವಾಗ ಎಲ್ಲವನ್ನೂ ಶುದ್ಧ ಕನ್ನಡ ಮಾಡುವ ಆಸೆ ಬರುತ್ತದೆ, ಮಾಡಬೇಡಿ. "ಯಾನ್ ಬೊಂಬಾಯಿಗ್ ಬತ್ತೆ" ಅಂದರೆ ಹಾಗೇ ಬರೆಯಿರಿ, ಪಕ್ಕದ ಕಾಲಮಿನಲ್ಲಿ ಕನ್ನಡ ಅರ್ಥ ಕೊಡಿ. ಒಂದು ಗಂಟೆಯ ಮಾತು ಬರೆದಿಳಿಸಲು ನಾಲ್ಕೈದು ಗಂಟೆಯಾದರೂ ಬೇಕು. ಅಷ್ಟು ಪುರುಸೊತ್ತಿಲ್ಲದಿದ್ದರೆ ಐದೈದು ನಿಮಿಷಕ್ಕೆ ಒಂದು ಸಾಲಿನ ಸಾರಾಂಶ ಬರೆಯಿರಿ. ಧ್ವನಿಯ ಆಯಾ ಜಾಗಕ್ಕೆ ಪಠ್ಯವನ್ನು ಜೋಡಿಸಲು ಕೆಂಟಕಿ ವಿಶ್ವವಿದ್ಯಾಲಯದವರು ಮಾಡಿದ ಓಎಚ್ಎಂಎಸ್ ಅನ್ನುವ ಉಚಿತ ಸಾಧನ ಇದೆ. ಮುಂಬಯಿಯ ಸಂಸ್ಥೆಗಳೂ ಸೇರಿ ಕಟ್ಟಿದ ಪ್ಯಾಡ್‌ಮಾ ತಾಣವನ್ನೂ ಒಮ್ಮೆ ನೋಡಿ, ವಿಡಿಯೋದ ಉದ್ದಕ್ಕೂ ಟಿಪ್ಪಣಿ ಬರೆಯುವುದು ಹೇಗೆ ಅಂತ ಗೊತ್ತಾಗುತ್ತದೆ.

ಒಪ್ಪಿಗೆ ಪತ್ರ ಕನ್ನಡದಲ್ಲಿ, ಒಂದೇ ಪುಟದಲ್ಲಿ, ದಪ್ಪ ಅಕ್ಷರದಲ್ಲಿರಲಿ. ಧ್ವನಿ ನೆಟ್‌ಗೆ ಹಾಕಬಹುದೇ, ಹೆಸರು ಹಾಕಬಹುದೇ, ಫೋಟೊ ಹಾಕಬಹುದೇ ಅಂತ ಮೂರು ಬೇರೆ ಬೇರೆ ಪ್ರಶ್ನೆ ಕೇಳಿ. ಮೂರಕ್ಕೂ ಒಂದೇ ಸಹಿ ಹಾಕಿಸಬೇಡಿ. ಆಮೇಲೆ ಬೇಡ ಅನ್ನಿಸಿದರೆ ಯಾರಿಗೆ ಫೋನ್ ಮಾಡಬೇಕು ಅನ್ನುವುದೂ ಅದರಲ್ಲಿರಲಿ.

ಸ್ಪ್ರೆಡ್‌ಶೀಟ್ ಅನ್ನುವ ಗಲ್ಲಾಪೆಟ್ಟಿಗೆ

ವೆಬ್‌ಸೈಟಿನ ಬಣ್ಣ ಯಾವುದಿರಬೇಕು ಅಂತ ಮೊದಲ ವಾರವೇ ಜಗಳ ಶುರುವಾಗುತ್ತದೆ. ಅದನ್ನು ಪಕ್ಕಕ್ಕಿಡಿ. ನಿಮ್ಮ ನಿಜವಾದ ಪ್ರಾಜೆಕ್ಟ್ ಒಂದು ಸ್ಪ್ರೆಡ್‌ಶೀಟ್. ವೆಬ್‌ಸೈಟ್ ಅದಕ್ಕೆ ಹಾಕಿದ ಅಂಗಿ.

ಒಂದು ವಸ್ತುವಿಗೆ ಒಂದು ಸಾಲು. ಕಾಲಮ್‌ಗಳು ಏನಿರಬೇಕು ಅನ್ನುವುದಕ್ಕೆ ಲೈಬ್ರರಿಯವರ ಡಬ್ಲಿನ್ ಕೋರ್ ಅನ್ನುವ ಪದ್ಧತಿ ಇದೆ, 15 ಅಂಶಗಳದ್ದು: ಶೀರ್ಷಿಕೆ, ಮಾಡಿದವರು, ದಿನಾಂಕ, ಹಕ್ಕು, ಹೀಗೆ. ಅದನ್ನೇ ಆಧಾರವಾಗಿ ಇಟ್ಟುಕೊಂಡು ಹೋಟೆಲುಗಳ ಪಟ್ಟಿಗೆ ಇನ್ನಷ್ಟು ಸೇರಿಸಿ. "ಅಚ್ಚಾದ ಹಾಗೆ ಹೆಸರು" ಒಂದು ಕಾಲಮ್, "ಈಗಿನ ರೂಢಿಯ ಹೆಸರು" ಇನ್ನೊಂದು. ಇಂಗ್ಲಿಷ್ ಬೋರ್ಡುಗಳಲ್ಲಿ ಉಡುಪಿ, ಉಡಿಪಿ ಎರಡೂ ಇವೆ, ಕನ್ನಡದಲ್ಲಿ ಮುಂಬಯಿ, ಮುಂಬೈ, ಬೊಂಬಾಯಿ ಮೂರೂ ಇವೆ. ತಿದ್ದಿ ಒಂದೇ ಮಾಡಿದರೆ ಹಳೆಯದು ಹೋಯಿತು, ತಿದ್ದದೇ ಬಿಟ್ಟರೆ ಹುಡುಕುವವರಿಗೆ ಸಿಗುವುದಿಲ್ಲ. ಎರಡು ಕಾಲಮ್ ಇದ್ದರೆ ಎರಡೂ ಉಳಿಯುತ್ತವೆ. ವಿಳಾಸಕ್ಕೂ ಹಾಗೇ. ಕಿಂಗ್ಸ್ ಸರ್ಕಲ್ ಅಂತ ಅಚ್ಚಾಗಿದ್ದರೆ ಅದನ್ನೇ ಬರೆಯಿರಿ, ಪಕ್ಕದಲ್ಲಿ ಮಹೇಶ್ವರಿ ಉದ್ಯಾನ ಅಂತ ಸೇರಿಸಿ.

ಇನ್ನೊಂದು ಕಾಲಮ್ ಕಡ್ಡಾಯ: ಎಷ್ಟು ಖಚಿತ? "ಖಚಿತ", "ಬಹುಶಃ", "ಒಬ್ಬರು ಹೇಳಿದ್ದು" ಅಂತ ಮೂರೇ ಆಯ್ಕೆ. ಮತ್ತೆ ಮೂಲ ಯಾವುದು, ಯಾವ ಪುಟ, ಸಾಲು ತುಂಬಿದವರು ಯಾರು. ಮೂಲ ಬರೆಯದ ಸಾಲು ಆರು ವಾರದ ಮೇಲೆ ಯಾರ ತಾತ ಹೇಳಿದ್ದು ಅಂತ ಯಾರಿಗೂ ನೆನಪಿರುವುದಿಲ್ಲ.

ಸ್ಕ್ಯಾನ್ ಮಾಡುವಾಗ ಪುಟಗಳಿಗೆ 300 ಡಿಪಿಐ, ಫೋಟೊಗಳಿಗೆ 600. ಮೂಲ ಪ್ರತಿ ಟಿಫ್ ರೂಪದಲ್ಲಿ ಮುಟ್ಟದೆ ಇಡಿ, ನೆಟ್‌ಗೆ ಹಾಕಲು ಜೆಪೆಗ್ ಬೇರೆ ಮಾಡಿ. ಫೈಲಿನ ಹೆಸರು ಇಂಗ್ಲಿಷ್ ಅಕ್ಷರದಲ್ಲೇ ಇರಲಿ, ನಡುವೆ ಖಾಲಿ ಜಾಗ ಬೇಡ, ಮೊದಲು ಇಸವಿ-ತಿಂಗಳು-ದಿನ, ಆಮೇಲೆ ಜಾಗ, ಆಮೇಲೆ ಕ್ರಮಸಂಖ್ಯೆ. "ಫೈನಲ್", "ಫೈನಲ್ ಎರಡು", "ನಿಜವಾದ ಫೈನಲ್" ಅಂತ ಹೆಸರಿಟ್ಟವರ ಪಾಡು ನಿಮಗೆ ಬೇಡ.

ಕನ್ನಡ ಪುಟವನ್ನು ಅಕ್ಷರಕ್ಕೆ ತಿರುಗಿಸಲು ಗೂಗಲ್ ಡ್ರೈವ್ ಆಗುತ್ತದೆ, ಉಚಿತ ತಂತ್ರಾಂಶ ಟೆಸರ‍್ಯಾಕ್ಟ್ ಕೂಡ ಕನ್ನಡ ಓದುತ್ತದೆ. ಲೇಖನಗಳಿಗೆ ಪರವಾಗಿಲ್ಲ. ಹಳೆಯ ಮೊಳೆ ಅಚ್ಚಿನ ಒತ್ತಕ್ಷರದಲ್ಲಿ ಎಡವುತ್ತದೆ, ಜಾಹೀರಾತಿನ ಅಲಂಕಾರದ ಅಕ್ಷರಗಳಲ್ಲಿ ಪೂರ್ತಿ ಬೀಳುತ್ತದೆ. ಅವನ್ನು ಕೈಯಲ್ಲೇ ಟೈಪ್ ಮಾಡಿ. ಸಂಘದವರು "ನಮ್ಮ ಹತ್ತಿರ ಸಾಫ್ಟ್ ಕಾಪಿಯೇ ಇದೆ" ಅಂತ ಹಳೆಯ ಫೈಲ್ ಕೊಟ್ಟರೆ ಖುಷಿಪಡುವ ಮೊದಲು ತೆರೆದು ನೋಡಿ. ಈಗ ಎಲ್ಲ ಕಡೆ ನಡೆಯುವ ಯೂನಿಕೋಡ್ ಅಕ್ಷರ ಸಂಕೇತಕ್ಕಿಂತ ಹಿಂದಿನ ನುಡಿ, ಬರಹ ಫಾಂಟಿನಲ್ಲಿದ್ದರೆ ಕಾಪಿ ಮಾಡಿದಾಗ ಅಕ್ಷರದ ಬದಲು ಕಸ ಬರುತ್ತದೆ. ಪರಿವರ್ತಕಗಳು ನೆಟ್‌ನಲ್ಲಿವೆ, ತಿರುಗಿಸಿ, ಒಮ್ಮೆ ಪೂರ್ತಿ ಓದಿ.

ನಕಾಶೆಗೆ ಏರಿಸುವುದು

ಸ್ಪ್ರೆಡ್‌ಶೀಟ್ ಸರಿಯಾಗಿದ್ದರೆ ನಕಾಶೆ ಒಂದು ಮಧ್ಯಾಹ್ನದ ಕೆಲಸ. ಜನರೇ ಸೇರಿ ಮಾಡುವ ಓಪನ್‌ಸ್ಟ್ರೀಟ್‌ಮ್ಯಾಪ್ ನಕಾಶೆಯ ಮೇಲೆ ನಡೆಯುವ ಯೂಮ್ಯಾಪ್ ಉಚಿತ, ನಿಮ್ಮ ಸ್ಪ್ರೆಡ್‌ಶೀಟನ್ನು ಸಿಎಸ್‌ವಿ ಅನ್ನುವ ಸರಳ ರೂಪದಲ್ಲಿ ಉಳಿಸಿ ಆ ಫೈಲನ್ನು ನೇರ ಅದಕ್ಕೆ ಹಾಕಬಹುದು. ಅಕ್ಷಾಂಶ ಮೊದಲು, ರೇಖಾಂಶ ಆಮೇಲೆ. ಮಾಟುಂಗಾ ಅಂದರೆ ಸುಮಾರು 19.03 ಉತ್ತರ, 72.85 ಪೂರ್ವ. ಇವೆರಡನ್ನು ಅದಲು ಬದಲು ಮಾಡಿದ ತಂಡದ ಉಡುಪಿ ಹೋಟೆಲುಗಳೆಲ್ಲ ನಾರ್ವೆಯಿಂದ ಉತ್ತರಕ್ಕೆ ಹಿಮಸಮುದ್ರದಲ್ಲಿ ತೇಲುತ್ತಿದ್ದವು. ನಕ್ಕು ನಕ್ಕು ಸುಸ್ತಾದೆವು.

ಹಳೆಯ ನಕಾಶೆಯನ್ನು ಇಂದಿನ ನಕಾಶೆಯ ಮೇಲೆ ಹೊದಿಸುವುದು ಸ್ವಲ್ಪ ನಾಜೂಕಿನ ಕೆಲಸ, ಆದರೆ ನೋಡುವವರಿಗೆ ಅದೇ ಇಷ್ಟ. ಮ್ಯಾಪ್ ವಾರ್ಪರ್ ತಾಣದಲ್ಲಿ ಸ್ಕ್ಯಾನ್ ಹಾಕಿ, ಎರಡೂ ನಕಾಶೆಗಳಲ್ಲಿ ಒಂದೇ ಜಾಗವನ್ನು ಗುರುತಿಸುತ್ತಾ ಹೋಗಬೇಕು. ಕನಿಷ್ಠ 3 ಗುರುತು ಬೇಕು, 8-10 ಇದ್ದರೆ ಚೆನ್ನಾಗಿ ಕೂರುತ್ತದೆ. ಜಾಗ ಬದಲಿಸದ ವಸ್ತುಗಳನ್ನೇ ಆರಿಸಿ. ಫೋರ್ಟಿನಲ್ಲಾದರೆ ಟೌನ್ ಹಾಲ್, ರಾಜಾಬಾಯಿ ಟವರ್. ಸಮುದ್ರದ ದಂಡೆಯನ್ನು ಮಾತ್ರ ನಂಬಬೇಡಿ, ಈ ಊರಿನಲ್ಲಿ ಅದರಷ್ಟು ಸರಿದಾಡಿದ್ದು ಇನ್ನೊಂದಿಲ್ಲ.

ಕಥೆ ಹೇಳುವ ನಕಾಶೆ ಬೇಕಿದ್ದರೆ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ನೈಟ್ ಲ್ಯಾಬ್‌ನ ಸ್ಟೋರಿಮ್ಯಾಪ್, ಇಸವಿ ಪಟ್ಟಿಗೆ ಅವರದ್ದೇ ಟೈಮ್‌ಲೈನ್. ಪೂರ್ತಿ ಸಂಗ್ರಹಕ್ಕೆ ಒಮೇಕಾ ಅನ್ನುವ ತಂತ್ರಾಂಶ ಹೆಸರುವಾಸಿ. ಅಮೆರಿಕದ ಕ್ಲೀವ್‌ಲ್ಯಾಂಡ್ ಸ್ಟೇಟ್ ವಿಶ್ವವಿದ್ಯಾಲಯದವರು ತಮ್ಮ ಊರಿನ ಇತಿಹಾಸದ ಆ್ಯಪನ್ನು ಅದರ ಮೇಲೆಯೇ ಕಟ್ಟಿದ್ದಾರೆ, ವಿದ್ಯಾರ್ಥಿಗಳು ಬರೆದ ಚಿಕ್ಕ ಚಿಕ್ಕ ಕಥೆಗಳು ಅದರಲ್ಲಿವೆ, ಬರೆಯುವ ಅಳತೆ ತಿಳಿಯಲು ಓದಿ. ಆದರೆ ಒಮೇಕಾಕ್ಕೆ ಸರ್ವರ್ ಬೇಕು, ಸರ್ವರಿಗೆ ವರ್ಷ ವರ್ಷ ದುಡ್ಡು ಬೇಕು. ನನ್ನ ಮತ ಕಲೆಕ್ಷನ್‌ಬಿಲ್ಡರ್‌ಗೆ. ಐಡಹೋ ವಿಶ್ವವಿದ್ಯಾಲಯದ ಲೈಬ್ರರಿಯವರು ಮಾಡಿದ್ದು, ಸ್ಪ್ರೆಡ್‌ಶೀಟಿನಿಂದಲೇ ಇಡೀ ತಾಣ ಹುಟ್ಟುತ್ತದೆ, ಗಿಟ್‌ಹಬ್ ಅನ್ನುವ ತಾಣದಲ್ಲಿ ಪುಕ್ಕಟೆ ನಿಲ್ಲುತ್ತದೆ. ಕಲಿಯಲು ಒಂದು ವಾರ ತಲೆ ಕೆಡುತ್ತದೆ, ನಿಜ.

ಒಂದೊಂದು ಜಾಗಕ್ಕೆ ಬರೆಯುವ ಕಥೆ 150-200 ಪದ ದಾಟದಿರಲಿ. ಫುಟ್‌ಪಾತಿನ ಮೇಲೆ ನಿಂತು, ಒಂದು ಕೈಯಲ್ಲಿ ತರಕಾರಿ ಚೀಲ ಹಿಡಿದು ಓದುವವರನ್ನು ನೆನೆಸಿಕೊಂಡು ಬರೆಯಿರಿ.

ಹಾಕಬಾರದ್ದು

ಇಲ್ಲೂ ನಮ್ಮ ತಪ್ಪು ಹೇಳುತ್ತೇನೆ. ಒಂದು ಹಳೆಯ ಬಾಡಿಗೆ ರಸೀದಿ ಚೆನ್ನಾಗಿದೆ ಅಂತ ಹಾಕಿದೆವು. ಅದರಲ್ಲಿ ಖೋಲಿ ನಂಬರ್, ಬಾಡಿಗೆ, ಪಗಡಿಯವರ ಹೆಸರು ಎಲ್ಲ ಇತ್ತು. ಆ ಕುಟುಂಬದ ಖೋಲಿಯ ವ್ಯಾಜ್ಯ ಇನ್ನೂ ನಡೆಯುತ್ತಿತ್ತು. ಅವರ ಮಗಳು ಫೋನ್ ಮಾಡಿದಾಗ ನಮಗೆ ನೆಲ ಕುಸಿದ ಹಾಗಾಯಿತು. ಅದೇ ರಾತ್ರಿ ತೆಗೆದೆವು. ಈ ಊರಿನಲ್ಲಿ ಹಳೆಯ ಕಟ್ಟಡದ ಕಾಗದ ಅಂದರೆ ಕೋಟಿ ರೂಪಾಯಿಯ ಮಾತು. ರೀಡೆವಲಪ್‌ಮೆಂಟ್ ನಡೆಯುತ್ತಿರುವ ಜಾಗದಲ್ಲಿ ಯಾರು ಯಾವಾಗ ಎಲ್ಲಿದ್ದರು ಅನ್ನುವುದು ಇತಿಹಾಸದ ಜೊತೆಗೆ ಸಾಕ್ಷಿಯೂ ಹೌದು. ಬದುಕಿರುವವರ ಮನೆ ನಂಬರ್, ಫೋನ್, ರೇಷನ್ ಕಾರ್ಡು, ಮನೆತನದ ಜಗಳ, ಬೇರೆಯವರ ಮೇಲಿನ ಆಪಾದನೆ ಇದ್ಯಾವುದೂ ಬೇಡ. ಫೋಟೊದಲ್ಲಿ ಅಡಗಿರುವ ಲೊಕೇಷನ್ ಮಾಹಿತಿಯನ್ನೂ, ಮನೆಯೊಳಗೆ ತೆಗೆದ ಚಿತ್ರವಾದರೆ, ಅಳಿಸಿ ಹಾಕಿ.

ಕಾಪಿರೈಟ್ ಲೆಕ್ಕ ಸುಲಭ. ಬರೆದವರ ಹೆಸರಿದ್ದರೆ ಅವರು ತೀರಿಕೊಂಡ ಮೇಲೆ 60 ವರ್ಷ. ಫೋಟೊಗೂ 2012ರ ತಿದ್ದುಪಡಿ ಆದಮೇಲೆ ತೆಗೆದವರು ತೀರಿಕೊಂಡ ಮೇಲೆ 60 ವರ್ಷ. ಹೆಸರಿಲ್ಲದ ಬರಹಕ್ಕೆ ಪ್ರಕಟವಾದ ವರ್ಷದ ನಂತರ 60 ವರ್ಷ. ಅಂದರೆ 1960ರಲ್ಲಿ ಹೆಸರಿಲ್ಲದೆ ಪ್ರಕಟವಾದ ಬರಹ 2021ರ ಜನವರಿಯಿಂದ ಎಲ್ಲರದ್ದು. ಹಕ್ಕು ಇನ್ನೂ ಮುಗಿಯದ್ದಕ್ಕೆ ಸಂಘದಿಂದ ಒಂದು ಸಾಲಿನ ಲಿಖಿತ ಒಪ್ಪಿಗೆ ತೆಗೆದುಕೊಳ್ಳಿ, ವಾಟ್ಸಾಪ್ ಮೆಸೇಜಾದರೂ ಸರಿ, ಸ್ಕ್ರೀನ್‌ಶಾಟ್ ಇಡಿ. ನಿಮ್ಮ ಸ್ವಂತ ಫೋಟೊಗಳನ್ನು ಬೇರೆಯವರೂ ಬಳಸಲು ಬಿಡುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ವಿಕಿಮೀಡಿಯಾ ಕಾಮನ್ಸ್‌ಗೆ ಹಾಕಿದರೆ ಕನ್ನಡ ವಿಕಿಪೀಡಿಯಕ್ಕೂ ಉಪಯೋಗಕ್ಕೆ ಬರುತ್ತವೆ.

ತೋರಿಸಿ, ತಿದ್ದಿಸಿಕೊಳ್ಳಿ, ಪ್ರತಿ ಇಡಿ

ಮಾರ್ಕ್ಸಿಗೆ ಸಲ್ಲಿಸುವ ಎರಡು ವಾರ ಮೊದಲೇ ಸಂಘದ ಹಾಲಿನಲ್ಲಿ ಒಂದು ಭಾನುವಾರ ಸಂಜೆ ಕೇಳಿಕೊಳ್ಳಿ. ಪ್ರೊಜೆಕ್ಟರ್ ಬೇಕು, ಚಹಾ ಬೇಕು, ಅತಿಥಿಗಳ ಭಾಷಣ ಬೇಡ. ನಕಾಶೆಯನ್ನು ದೊಡ್ಡ ಕಾಗದದಲ್ಲೂ ಪ್ರಿಂಟ್ ಮಾಡಿಸಿ ಗೋಡೆಗೆ ಹಚ್ಚಿ, ಪಕ್ಕದಲ್ಲಿ ಸ್ಕೆಚ್ ಪೆನ್ ಇಡಿ. ಪರದೆಯನ್ನು ಮುಟ್ಟಲು ಹಿಂಜರಿಯುವವರು ಕಾಗದದ ಮುಂದೆ ಗುಂಪು ಕಟ್ಟುತ್ತಾರೆ. ನಮ್ಮ ಕಾಗದದಲ್ಲಿ ಒಬ್ಬರು ಕನ್ನಡಕ ತೆಗೆದು, ಮೂಗು ತಾಗುವಷ್ಟು ಹತ್ತಿರ ಹೋಗಿ, "ಇದು ಈ ಬದಿ ಅಲ್ಲ, ಎದುರು ಬದಿ. ನಾನು ಹಾಲಿನ ಕ್ಯಾನ್ ಹೊತ್ತು ರಸ್ತೆ ದಾಟುತ್ತಿದ್ದೆ, ನನಗೆ ಗೊತ್ತಿಲ್ಲವಾ?" ಅಂದರು. ಪಕ್ಕದವರು ಒಪ್ಪಲಿಲ್ಲ. ಇಬ್ಬರ ಮಾತನ್ನೂ ಬರೆದುಕೊಂಡೆವು. ಆ ಸಾಲಿನಲ್ಲಿ "ಖಚಿತ" ಅಂತ ಇದ್ದದ್ದು "ಬಹುಶಃ" ಆಯಿತು, ಎರಡು ಮೂಲ ಸೇರಿದವು.

ಆ ಸಂಜೆ ಕನಿಷ್ಠ ಹತ್ತು ತಿದ್ದುಪಡಿ ಬರುತ್ತವೆ ಅಂತಲೇ ವೇಳಾಪಟ್ಟಿಯಲ್ಲಿ ಒಂದು ವಾರ ಇಟ್ಟುಕೊಳ್ಳಿ. ಮಾತು ಕೊಟ್ಟವರಿಗೆಲ್ಲ ಅವರ ಧ್ವನಿಯ ಪ್ರತಿಯನ್ನು ಪೆನ್ ಡ್ರೈವಿನಲ್ಲಿ ಕೊಡಿ, ಮೊಮ್ಮಕ್ಕಳು ಕೇಳಲಿ.

ಕೊನೆಗೆ ಪ್ರತಿಗಳ ವಿಷಯ. ಕಾಲೇಜಿನ ಈಮೇಲಿನಲ್ಲಿ ತೆರೆದ ಖಾತೆ ನೀವು ಪಾಸಾದ ಮೇಲೆ ಮುಚ್ಚಿಹೋಗುತ್ತದೆ, ಅದರ ಜೊತೆ ಡ್ರೈವೂ ಹೋಗುತ್ತದೆ. ಮೂರು ಪ್ರತಿ ಮಾಡಿ, ಎರಡು ಬೇರೆ ತರದ ಸಾಧನದಲ್ಲಿ, ಒಂದು ಬೇರೆ ಜಾಗದಲ್ಲಿ. ಸಿಎಸ್‌ವಿ ಫೈಲ್ ಮತ್ತು ಹಾಕಲು ಒಪ್ಪಿಗೆ ಇರುವ ಸ್ಕ್ಯಾನ್‌ಗಳು ಇಂಟರ್ನೆಟ್ ಆರ್ಕೈವ್‌ಗೆ, ಹಾರ್ಡ್ ಡಿಸ್ಕ್ ವಿಭಾಗದ ಕಪಾಟಿಗೆ, ಇನ್ನೊಂದು ಸಂಘದ ಲೈಬ್ರರಿಗೆ. ಜೊತೆಗೆ ಪಟ್ಟಿಯನ್ನೂ ಕಥೆಗಳನ್ನೂ ಪ್ರಿಂಟ್ ತೆಗೆದು ಸ್ಪೈರಲ್ ಬೈಂಡ್ ಮಾಡಿಸಿ, ಮೇಲೆ ತಿಂಗಳು, ಇಸವಿ ಬರೆದು ಸಂಘಕ್ಕೆ ಕೊಡಿ. ರಟ್ಟು ಹರಿದುಹೋದರೂ ಗೊತ್ತಾಗುವಂತೆ ಒಳಗೆ ಎರಡನೇ ಪುಟದಲ್ಲೂ ಇಸವಿ ಬರೆಯಿರಿ.